ಹಳೆಯ ಮನೆಗಳ ಆವರಣದಲ್ಲಿ ವಾಹನ ಶೆಡ್ಡು ಮತ್ತು ಕೊಟ್ಟಿಗೆಗಳ ನಿರ್ಮಾಣ: ಕಡೂರು, ತರೀಕೆರೆ, ಅಜ್ಜಂಪುರ

ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳ ಬಹುಭಾಗ ಬಯಲುಸೀಮೆಗೆ ಸೇರಿದ್ದು, ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗವು ಕೆಮ್ಮಣ್ಣುಗುಂಡಿ ಬೆಟ್ಟಸಾಲಿನ ಮಲೆನಾಡಾಗಿರುತ್ತದೆ. ಮಣ್ಣು ಅಥವಾ ಕಲ್ಲಿನ ಗೋಡೆ, ಮರದ ಕಂಬ ಮತ್ತು ತೊಲೆ, ಜಗುಲಿ, ಹಂಚಿನ ಮಾಡು ಇವು ಈ ಭಾಗದ ಹಳೆಯ ಮನೆಗಳ ಸಾಮಾನ್ಯ ಲಕ್ಷಣಗಳು. ಎತ್ತು, ಗಾಡಿ ಮತ್ತು ನೇಗಿಲುಗಳಿಗೆ ಕೊಟ್ಟಿಗೆಯಲ್ಲಿ ಜಾಗವಿರುತ್ತಿತ್ತು. ಇಂದು ಆ ಜಾಗವನ್ನು ಕಾರು, ದ್ವಿಚಕ್ರ ವಾಹನ ಮತ್ತು ಟ್ರ್ಯಾಕ್ಟರ್‌ಗಳು ಕೇಳುತ್ತಿವೆ. ಹೊಸ ಶೆಡ್ಡನ್ನು ಮುಂಗೋಡೆಗೆ ಒತ್ತಿ ಕಟ್ಟಿದಲ್ಲಿ ಮನೆಯ ಅಂದ ಕೆಡುವುದಲ್ಲದೆ ಗೋಡೆಯ ಆಯುಷ್ಯವೂ ಕುಗ್ಗುತ್ತದೆ.

ಹಳೆಯ ಕೊಟ್ಟಿಗೆಯ ಮರುಬಳಕೆ

ಹೊಸದನ್ನು ಕಟ್ಟುವ ಮುನ್ನ ಇರುವ ಕೊಟ್ಟಿಗೆಯನ್ನು ಪರಿಶೀಲಿಸುವುದು ಸೂಕ್ತ. ಗಾಡಿ ಬರುತ್ತಿದ್ದ ಬಾಗಿಲಿನಲ್ಲಿ ಕಾರು ಹೋಗುವುದೇ ಎಂಬುದನ್ನು ಅಳೆದು ನೋಡಬೇಕು. ತೊಲೆ, ಜಂತೆಗಳಲ್ಲಿ ಗೆದ್ದಲು ಇದ್ದರೆ ಆ ಭಾಗವನ್ನು ಮಾತ್ರ ಬದಲಿಸಿದರೆ ಸಾಕು. ಗಂಜಲ ಹೀರಿದ ಮೇಲ್ಮಣ್ಣನ್ನು ತೆಗೆದು ನೆಲವನ್ನು ಹೊಸದಾಗಿ ಗಟ್ಟಿಗೊಳಿಸಬೇಕು. ಇಂಧನವಿರುವ ವಾಹನವನ್ನು ಒಣಹುಲ್ಲಿನ ಜೊತೆ ಒಂದೇ ಸೂರಿನಡಿ ಇಡಬಾರದು.

ಸ್ಥಳ ಮತ್ತು ಅಳತೆ

ಶೆಡ್ಡು ಮನೆಯ ಹಿಂಬದಿ ಅಥವಾ ಪಕ್ಕದಲ್ಲಿ, ಮುಂಗೋಡೆಯ ಸಾಲಿಗಿಂತ ಹಿಂದೆ ಇರುವುದು ಉತ್ತಮ. ಜಗುಲಿಯನ್ನು ಮರೆಮಾಡುವಂತೆಯಾಗಲಿ, ಅಡಿಕೆ ಒಣಗಿಸುವ ಅಂಗಳವನ್ನು ಆಕ್ರಮಿಸುವಂತೆಯಾಗಲಿ ಕಟ್ಟಬಾರದು. ತೆಂಗಿನ ಮರದ ಕೆಳಗೆ ಕಟ್ಟಿದರೆ ಕಾಯಿ, ಗರಿ ಬಿದ್ದು ಹಂಚು ಒಡೆಯುತ್ತದೆ. ಸಾಧಾರಣ ಕಾರಿಗೆ ಸುಮಾರು 3 ಮೀಟರ್ ಅಗಲ, 5.5 ಮೀಟರ್ ಉದ್ದದ ಜಾಗ ಸಾಕಾಗುತ್ತದೆ. ಶೆಡ್ಡಿನ ನೆತ್ತಿ ಮನೆಯ ಮಾಡಿಗಿಂತ ತಗ್ಗಿನಲ್ಲಿರಬೇಕು. ಮನೆಗೆ ಹಂಚಿದ್ದರೆ ಶೆಡ್ಡಿಗೂ ಅದೇ ಇಳಿಜಾರಿನ ಹಂಚು ಒಪ್ಪುತ್ತದೆ. ತಗಡು ಅನಿವಾರ್ಯವಾದಲ್ಲಿ ಹೊಳಪಿಲ್ಲದ, ಮಣ್ಣಿನ ಬಣ್ಣದ ತಗಡನ್ನು ಬಳಸಬಹುದು.

ತೇವದಿಂದ ರಕ್ಷಣೆ

ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಹೊರಬಿಟ್ಟು ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಳಿದರೆ ಅಥವಾ ಗೋಡೆಗೆ ತಾಗಿಸಿ ಕಾಂಕ್ರೀಟ್ ನೆಲ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಗೋಡೆಯ ಬುಡ ಸಡಿಲವಾಗಿ, ಗೋಡೆಯೊಳಗಿನ ತೊಲೆಯ ತುದಿಗಳು ಕೊಳೆಯುತ್ತವೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಶೆಡ್ಡು ತನ್ನದೇ ಕಂಬಗಳ ಮೇಲೆ ನಿಲ್ಲಬೇಕು. ಹಳೆಯ ಗೋಡೆಯ ಮೇಲೆ ಭಾರ ಹೊರಿಸಬಾರದು.
2. ಎರಡರ ನಡುವೆ ಒಬ್ಬರು ಓಡಾಡುವಷ್ಟು, ಅಂದರೆ ಸುಮಾರು 1 ಮೀಟರ್ ಅಂತರವಿರಬೇಕು.
3. ಶೆಡ್ಡಿನ ನೆಲ ಮನೆಯ ತಳಪಾಯದ ಮಟ್ಟಕ್ಕಿಂತ ಕೆಳಗಿದ್ದು, ಹೊರಮುಖವಾಗಿ ಇಳಿಜಾರಾಗಿರಬೇಕು.
4. ಮಾಡಿನ ನೀರು ಮನೆಯ ಗೋಡೆಯತ್ತ ಬೀಳದೆ ಚರಂಡಿಗೆ ಹರಿಯಬೇಕು. ಮಳೆ ಹೆಚ್ಚಿರುವ ತರೀಕೆರೆಯ ಮಲೆನಾಡು ಭಾಗದಲ್ಲಿ ಸೂರನ್ನು ಮುಂದಕ್ಕೆ ಚಾಚುವುದು ಅವಶ್ಯಕ.
5. ಮಣ್ಣಿನ ಗೋಡೆಯ ದುರಸ್ತಿಗೆ ಮಣ್ಣು ಅಥವಾ ಸುಣ್ಣದ ಗಾರೆಯನ್ನೇ ಬಳಸಬೇಕು.

ಅನುಮತಿ

ಕಟ್ಟಡ ನಿರ್ಮಾಣಕ್ಕೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಪರವಾನಗಿಯನ್ನು ವಿಚಾರಿಸಿ ಪಡೆಯಬೇಕು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸಮೀಪದಲ್ಲಿ ಹೆಚ್ಚುವರಿ ನಿಬಂಧನೆಗಳಿವೆ. ತರೀಕೆರೆ ತಾಲ್ಲೂಕಿನ ಅಮೃತಪುರದ ಅಮೃತೇಶ್ವರ ದೇವಾಲಯವು ಕ್ರಿ.ಶ. 1196ರ ಹೊಯ್ಸಳ ನಿರ್ಮಾಣವಾಗಿದ್ದು ಅಂತಹ ಸ್ಮಾರಕವಾಗಿರುತ್ತದೆ. 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವಿದ್ದು, ಅಲ್ಲಿ ಖಾಸಗಿಯವರು ಹೊಸ ಶೆಡ್ಡು ಕಟ್ಟುವಂತಿಲ್ಲ. ಇರುವ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶದಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಕಡ್ಡಾಯ.

ಯಾವುದೇ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದ ಹಳೆಯ ಮನೆಗಳ ಉಳಿವು ಅವುಗಳ ಮಾಲೀಕರ ಎಚ್ಚರಿಕೆಯನ್ನೇ ಅವಲಂಬಿಸಿದೆ. ಗುಂಡಿ ತೋಡುವ ಮುನ್ನವೇ ಅನುಭವಿ ಗಾರೆಯವರು ಹಾಗೂ ಬಡಗಿಗಳಿಗೆ ಸ್ಥಳವನ್ನು ತೋರಿಸಿ ಸಲಹೆ ಪಡೆಯುವುದು ಒಳಿತು.