ಬಾಹುಕನಿಂದ ಗಾಲಿಕುರ್ಚಿಯವರೆಗೆ: ವಿಕಲಾಂಗ ದೇಹ ಮತ್ತು ನೃತ್ಯಾಭಿವ್ಯಕ್ತಿ

ಸೋಂದಾ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಬಡಗುತಿಟ್ಟಿನ ಯಕ್ಷಗಾನ ಬಲ್ಲವರಿಗೆ ನಳ-ದಮಯಂತಿಯರ ಪ್ರಸಂಗದ ಬಾಹುಕನನ್ನು ಪರಿಚಯಿಸಬೇಕಾಗಿಲ್ಲ. ಕಾರ್ಕೋಟಕನ ಕಡಿತದಿಂದ ರೂಪಗೆಟ್ಟ ನಳನು ಋತುಪರ್ಣನಲ್ಲಿ ಸಾರಥಿಯಾಗಿ ನಿಲ್ಲುತ್ತಾನೆ. ದೇಹ ವಿರೂಪಗೊಂಡರೂ ಅಶ್ವವಿದ್ಯೆ, ಪಾಕವಿದ್ಯೆಗಳು ಅಳಿದಿಲ್ಲ. ದಮಯಂತಿ ಅವನ ಗುರುತು ಹಿಡಿಯುವುದೂ ಅವುಗಳಿಂದಲೇ. ವಿಕಲ ದೇಹಕ್ಕೆ ರಂಗದಲ್ಲಿ ಇಂತಹ ಗೌರವ ದೊರೆತದ್ದು ವಿರಳ. ಆದರೂ ಕಥೆ ಆ ವಿರೂಪವನ್ನು ತಾತ್ಕಾಲಿಕವೆಂದೇ ಬಗೆದಿದೆ. ವೇಷ ಕಟ್ಟುವವನೂ ಸದೃಢಾಂಗನೇ.

ಶಾಸ್ತ್ರಗ್ರಂಥಗಳ ನಿಲುವು ಇನ್ನೂ ಕಠಿನ. ‘ಅಭಿನಯದರ್ಪಣ’ವು ನರ್ತಕಿಯಾಗಲು ಅನರ್ಹರಾದ ಹತ್ತು ಬಗೆಯವರಲ್ಲಿ ಕಣ್ಣಿನಲ್ಲಿ ಹೂ ಬಿದ್ದವಳನ್ನೂ ಗೂನುಬೆನ್ನಿನವಳನ್ನೂ ದನಿಯಿಲ್ಲದವಳನ್ನೂ ಎಣಿಸುತ್ತದೆ. ‘ನಾಟ್ಯಶಾಸ್ತ್ರ’ವು ಕುಳ್ಳ, ಗೂನ ದೇಹಗಳಿಗೆ ಬಿಟ್ಟುಕೊಟ್ಟದ್ದು ವಿದೂಷಕನ ಪಾತ್ರವನ್ನು, ಅದೂ ನಗಿಸುವುದಕ್ಕೆ.

ಈ ಮರ್ಯಾದೆಯನ್ನು ಮೀರುವ ಕೆಲಸ ಕರ್ನಾಟಕದಲ್ಲಿ ನಡೆದ ಬಗೆ ಗಮನಾರ್ಹ. ಮಾಯಾ ರಾವ್ ಅವರು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ನೃತ್ಯಸಂಯೋಜನಾ ಸಂಸ್ಥೆ 1987ರಲ್ಲಿ ಬೆಂಗಳೂರಿಗೆ ಬಂದಿತು. ಉತ್ತರ ಕನ್ನಡದ ಕೆರೆಮನೆ ಶಂಭು ಹೆಗಡೆ (1938-2009) ದೆಹಲಿಯಲ್ಲಿ ಅವರ ಶಿಷ್ಯರಾಗಿದ್ದರು. ಆನೇಕಲ್ ಮೂಲದ ಸೈಯದ್ ಸಲಾವುದ್ದೀನ್ ಪಾಷಾ ಅವರೂ ಅದೇ ಪರಂಪರೆಯವರು. ಪಾಷಾ ಅವರ ‘ಎಬಿಲಿಟಿ ಅನ್‌ಲಿಮಿಟೆಡ್’ ತಂಡದಲ್ಲಿ ಗಾಲಿಕುರ್ಚಿಯೇ ನೃತ್ಯದ ಸಾಧನ. ಪಾದ ಮಾಡಬೇಕಾದ ಭ್ರಮರಿ, ಚಾರಿಗಳ ಹೊಣೆಯನ್ನು ಚಕ್ರಗಳು ಹೊರುತ್ತವೆ. ಅಭಿನಯದ ಭಾರವೆಲ್ಲ ಮುಖ ಹಾಗೂ ತೋಳುಗಳ ಮೇಲೆ. ಗಾಲಿಗಳ ಮೇಲೆ ರಾಮಾಯಣವನ್ನೇ ಈ ತಂಡ ಪ್ರಯೋಗಿಸಿದೆ.

ದೃಷ್ಟಿಹೀನರ ನೃತ್ಯ ಒಡ್ಡುವ ಪ್ರಶ್ನೆ ಬೇರೆ, ಬಹುಶಃ ಹೆಚ್ಚು ಗಹನ. ಹಸ್ತ ಹೋದಲ್ಲಿ ದೃಷ್ಟಿ ಹೋಗಬೇಕೆಂಬುದು ಅಭಿನಯದ ಮೊದಲ ಪಾಠ. ಬೆಂಗಳೂರಿನ ರಮಣ ಮಹರ್ಷಿ ಅಂಧರ ಅಕಾಡೆಮಿಯ ವಿದ್ಯಾರ್ಥಿಗಳು ಭರತನಾಟ್ಯ ಕಲಿತು ರಂಗವೇರಿದರು. ಇಂತಹ ಶಿಕ್ಷಣದಲ್ಲಿ ಗುರುವಿನ ಕೈಕಾಲು, ಬೆರಳುಗಳ ನಿಲುವನ್ನು ಶಿಷ್ಯ ಮುಟ್ಟಿ ಅರಿಯುತ್ತಾನೆ. ಕಣ್ಣಿನಿಂದ ಅನುಕರಿಸುತ್ತಿದ್ದ ವಿದ್ಯೆ ಸ್ಪರ್ಶಕ್ಕೆ ವರ್ಗವಾಗುತ್ತದೆ. ಎಂದೂ ಕಾಣದ ನವಿಲನ್ನು ಹಸ್ತದಲ್ಲಿ ತೋರಿಸುವವಳು ಯಾವ ನವಿಲನ್ನು ತೋರಿಸುತ್ತಾಳೆಂಬುದನ್ನು ನೃತ್ಯವಿಮರ್ಶೆ ಇನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ. ಅದರ ಸ್ಥಾನದಲ್ಲಿ ಅನುಕಂಪದ ಚಪ್ಪಾಳೆ ಇದೆ, ‘ಚಿಕಿತ್ಸೆ’ಯೆಂಬ ಹಣೆಪಟ್ಟಿಯಿದೆ.

2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ ಬೇರೆ ಮಾತನ್ನೇ ಆಡುತ್ತದೆ: ವಿಕಲಚೇತನರ ಸೃಜನಶಕ್ತಿ ಬೆಳೆಯಬೇಕಾದುದು ಅವರ ಹಿತಕ್ಕಷ್ಟೇ ಅಲ್ಲ, ಸಮಾಜ ಸಮೃದ್ಧವಾಗಲೆಂದೂ ಹೌದು. ಭಾರತ ಅದನ್ನು 2007ರಲ್ಲಿ ಅನುಮೋದಿಸಿತು.