ಬೇಲಿಯೊಳಗಿನ ಬಂಡವಾಳ

ಅಟ್ಲಾಂಟಾದ ಪೀಚ್‌ಟ್ರೀ ಬೀದಿಯಲ್ಲಿ ಅಲಾಂಜೊ ಹರ್ನ್‌ಡನ್ ಅವರ ಕ್ಷೌರದಂಗಡಿ ಇತ್ತು. ಕುರ್ಚಿಯಲ್ಲಿ ಕೂರುತ್ತಿದ್ದ ವಕೀಲರು, ನ್ಯಾಯಾಧೀಶರು, ವ್ಯಾಪಾರಿಗಳೆಲ್ಲ ಬಿಳಿಯರು. ಕತ್ತರಿ ಹಿಡಿದವರು ಕಪ್ಪುಜನ. 1858ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ್ದ ಹರ್ನ್‌ಡನ್ ಅಂಗಡಿಯ ಒಡೆಯರಾದರೂ, ತಮ್ಮ ಬಣ್ಣದ ಗಿರಾಕಿಗೆ ಅಲ್ಲಿ ಕುರ್ಚಿ ಕೊಡುವಂತಿರಲಿಲ್ಲ. ಪಾದ್ರಿಗಳು ನಡೆಸುತ್ತಿದ್ದ ಪರಸ್ಪರ ಸಹಾಯ ಸಂಘವೊಂದು 1905ರಲ್ಲಿ ಮುಚ್ಚುವ ಸ್ಥಿತಿಗೆ ಬಂತು. ಜಾರ್ಜಿಯಾ ರಾಜ್ಯದ ಹೊಸ ಕಾಯ್ದೆ ಕೇಳಿದ 5,000 ಡಾಲರ್ ಠೇವಣಿ ಅದರ ಬಳಿ ಇರಲಿಲ್ಲ. ಹರ್ನ್‌ಡನ್ ಅದನ್ನು 140 ಡಾಲರಿಗೆ ಕೊಂಡು, ಠೇವಣಿಯನ್ನೂ ತಾವೇ ಕಟ್ಟಿದರು. ಮುಂದೆ ಅದೇ ಅಟ್ಲಾಂಟಾ ಲೈಫ್ ವಿಮಾ ಕಂಪನಿಯಾಗಿ ಬೆಳೆಯಿತು. ಬಿಳಿಯರ ಗಡ್ಡ ಹೆರೆದು ಗಳಿಸಿದ ದುಡ್ಡು ಕಪ್ಪುಜನರ ವಿಮೆಗೆ ಮೂಲಧನವಾಯಿತು.

ಕಪ್ಪುಜನರ ಇಂಥ ಉದ್ಯಮಗಳ ಚರಿತ್ರೆ ಶುರುವಾಗುವುದು ಒಂದು ದಿವಾಳಿಯಿಂದ. ಅಂತರ್ಯುದ್ಧ ಮುಗಿದ 1865ರಲ್ಲಿ, ಬಿಡುಗಡೆ ಪಡೆದ ಗುಲಾಮರ ಉಳಿತಾಯಕ್ಕೆಂದು ಅಮೆರಿಕದ ಸಂಸತ್ತು ಫ್ರೀಡ್‌ಮನ್ಸ್ ಬ್ಯಾಂಕನ್ನು ಸ್ಥಾಪಿಸಿತ್ತು. ಹೊಲಗೆಲಸದವರು, ಅಗಸಗಿತ್ತಿಯರು, ಸೈನಿಕರು ಅದರಲ್ಲಿ ಪುಡಿಗಾಸು ಕೂಡಿಟ್ಟರು. ಆಡಳಿತದಲ್ಲಿದ್ದ ಬಿಳಿಯರು ಬೇಕಾಬಿಟ್ಟಿ ಸಾಲ ಹಂಚಿದರು. 1874ರಲ್ಲಿ ಬ್ಯಾಂಕ್ ಮುಚ್ಚಿದಾಗ ಸುಮಾರು 61,000 ಠೇವಣಿದಾರರ ಹತ್ತಿರ ಹತ್ತಿರ 30 ಲಕ್ಷ ಡಾಲರ್ ಸಿಕ್ಕಿಕೊಂಡಿತು. ಆ ಪೆಟ್ಟು ತಿಂದವರು ನಂಬಿದ್ದು ತಮ್ಮ ಚರ್ಚನ್ನು, ತಮ್ಮ ಸಹಾಯ ಸಂಘಗಳನ್ನು. ರಿಚ್ಮಂಡ್‌ನ ಟ್ರೂ ರಿಫಾರ್ಮರ್ಸ್ ಎಂಬ ಸಂಘ 1888ರಲ್ಲಿ ಬ್ಯಾಂಕಿನ ಪರವಾನಗಿಯನ್ನೇ ಪಡೆಯಿತು. 1896ರ ಪ್ಲೆಸ್ಸಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬಣ್ಣದ ಬೇಲಿಗೆ ಕಾನೂನಿನ ಮುದ್ರೆ ಒತ್ತುವ ಹೊತ್ತಿಗೆ, ಬೇಲಿಯೊಳಗೆ ಹಣ ಕೂಡಿಸುವ ಅಭ್ಯಾಸ ಆಗಲೇ ಬೇರೂರಿತ್ತು.

ಯಾವ ಉದ್ಯಮ ಬೆಳೆಯಬೇಕೆಂಬುದನ್ನೂ ಒಂದರ್ಥದಲ್ಲಿ ಬಿಳಿಯರೇ ತೀರ್ಮಾನಿಸಿದರು. ಅವರು ಯಾವ ಸೇವೆ ಕೊಡಲು ಒಲ್ಲೆವೆಂದರೋ ಅಲ್ಲಿ ಕಪ್ಪುಜನರ ಅಂಗಡಿ ತೆರೆಯಿತು. ಪ್ರುಡೆನ್ಷಿಯಲ್ ಕಂಪನಿ 1881ರಲ್ಲೇ ಕಪ್ಪು ಪಾಲಿಸಿದಾರರಿಗೆ ಕಂತನ್ನು ಇಳಿಸದೆ, ಕೊಡುವ ಮೊತ್ತದಲ್ಲಿ ಮಾತ್ರ ಮೂರನೇ ಒಂದು ಪಾಲು ಕತ್ತರಿಸಿತು. ಅದೇ ಕಂಪನಿಯ ಅಂಕಿಅಂಶ ತಜ್ಞ ಫ್ರೆಡ್ರಿಕ್ ಹಾಫ್‌ಮನ್ 1896ರಲ್ಲಿ ಪುಸ್ತಕವನ್ನೇ ಬರೆದು, ಈ ಜನಾಂಗ ಕ್ಷೀಣಿಸುತ್ತಿದೆ, ಇವರಿಗೆ ವಿಮೆ ಕೊಡುವುದು ನಷ್ಟದ ಬಾಬತ್ತು ಎಂಬ ವಾದಕ್ಕೆ ಅಂಕಿಗಳ ವೇಷ ತೊಡಿಸಿದ. ಎರಡೇ ವರ್ಷಕ್ಕೆ, 1898ರಲ್ಲಿ, ಡರ್ಹಮ್‌ನಲ್ಲಿ ನಾರ್ತ್ ಕೆರೊಲಿನಾ ಮ್ಯೂಚುವಲ್ ಹುಟ್ಟಿತು. ಸ್ಥಾಪಕರಲ್ಲಿ ಪ್ರಮುಖರಾದ ಜಾನ್ ಮೆರಿಕ್ ಕೂಡ ಕ್ಷೌರಿಕರು, ತಂಬಾಕಿನ ದೊರೆಗಳಾದ ಡ್ಯೂಕ್ ಮನೆತನದವರ ಕೂದಲು ಕತ್ತರಿಸಿದವರು. ಅವರ ಜೊತೆಗಾರ ಏರನ್ ಮೂರ್ ವೈದ್ಯರು. ಕಂಪನಿಯನ್ನು ಬೆಳೆಸಿದ ಸಿ.ಸಿ. ಸ್ಪಾಲ್ಡಿಂಗ್ ದಿನಸಿ ಅಂಗಡಿ ನಡೆಸಿ ಅನುಭವ ಪಡೆದವರು. ಏಜೆಂಟರು ಮನೆಮನೆಗೆ ಹೋಗಿ ವಾರವಾರ ಕೆಲವೇ ಸೆಂಟುಗಳ ಕಂತು ವಸೂಲಿ ಮಾಡುತ್ತಿದ್ದರು. ಆ ಚಿಲ್ಲರೆಯ ಬಲದಿಂದ ಪ್ಯಾರಿಶ್ ಬೀದಿಯಲ್ಲಿ ಕಚೇರಿಗಳು ಎದ್ದವು, ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಎಂಬ ಬ್ಯಾಂಕೂ ತೆರೆಯಿತು.

ರಿಚ್ಮಂಡ್‌ನಲ್ಲಿ ಇದೇ ಕೆಲಸವನ್ನು ಒಬ್ಬ ಮಹಿಳೆ ಮಾಡಿದರು. ಮ್ಯಾಗಿ ಲೀನಾ ವಾಕರ್ 1899ರಲ್ಲಿ ಸೇಂಟ್ ಲ್ಯೂಕ್ ಎಂಬ ಸಹಾಯ ಸಂಘದ ಚುಕ್ಕಾಣಿ ಹಿಡಿದರು. 1902ರಲ್ಲಿ ಪತ್ರಿಕೆ ತಂದರು, 1903ರಲ್ಲಿ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದು ಅಧ್ಯಕ್ಷೆಯಾದರು. 1905ರಲ್ಲಿ ತೆರೆದ ಎಂಪೋರಿಯಂ ಎಂಬ ದೊಡ್ಡ ಬಟ್ಟೆಬರೆ ಅಂಗಡಿಯ ಉದ್ದೇಶ ಮಾರಾಟವಷ್ಟೇ ಆಗಿರಲಿಲ್ಲ. ಬಿಳಿಯರ ಮನೆಯ ಕಸಮುಸುರೆ ಬಿಟ್ಟರೆ ಬೇರೆ ದುಡಿಮೆ ಸಿಗದ ಹೆಣ್ಣುಮಕ್ಕಳಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೆಲಸ ಕೊಡುವುದಾಗಿತ್ತು. ಅದಕ್ಕೆ ಸರಕು ಕೊಡದಂತೆ ಬಿಳಿ ವ್ಯಾಪಾರಿಗಳು ಸಗಟು ಮಾರಾಟಗಾರರ ಮೇಲೆ ಒತ್ತಡ ತಂದರು. 1911ರಲ್ಲಿ ಅಂಗಡಿ ಮುಚ್ಚಿತು. ಬ್ಯಾಂಕ್ ಉಳಿಯಿತು.

ಇದೇ ಕಾಲದಲ್ಲಿ ವಾಗ್ವಾದವೂ ಬೆಳೆಯಿತು. ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡು ಬಾಯ್ಸ್ 1899ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ಕಪ್ಪುಜನರ ವ್ಯಾಪಾರದ ಸಮೀಕ್ಷೆ ಪ್ರಕಟಿಸಿದರು. ಮರುವರ್ಷ ಕಪ್ಪುಜನರ ಮುಖಂಡ ಬುಕರ್ ಟಿ. ವಾಷಿಂಗ್ಟನ್ ಬಾಸ್ಟನ್‌ನಲ್ಲಿ ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್ ಕಟ್ಟಿದರು. ಮೊದಲು ದುಡಿಮೆ, ಆಸ್ತಿ. ಹಕ್ಕುಗಳು ಆಮೇಲೆ ತಾವಾಗಿ ಒದಗುತ್ತವೆ ಎಂಬುದು ವಾಷಿಂಗ್ಟನ್ ವಾದ. ಮತವಿಲ್ಲದವನ ಆಸ್ತಿಯನ್ನು ಕಾಯುವವರು ಯಾರು ಎಂಬುದು ಡು ಬಾಯ್ಸ್ ಪ್ರಶ್ನೆ. ಲೀಗಿನ 1912ರ ಸಮಾವೇಶದಲ್ಲಿ ಕೇಶತೈಲದ ಉದ್ಯಮಿ ಮೇಡಂ ಸಿ.ಜೆ. ವಾಕರ್ ಅವರನ್ನು ವಾಷಿಂಗ್ಟನ್ ಮಾತಿಗೆ ಕರೆಯಲಿಲ್ಲ. ಅವರು ಸಭೆಯ ನಡುವೆ ತಾವೇ ಎದ್ದು ನಿಂತು ತಮ್ಮ ಕಥೆ ಹೇಳಿದರು. 1917ರಲ್ಲಿ ಅವರು ತಮ್ಮ ಮಾರಾಟಗಾರ್ತಿಯರನ್ನು ಫಿಲಡೆಲ್ಫಿಯಾದಲ್ಲಿ ಸೇರಿಸಿದಾಗ, ಸಭೆ ಗುಂಪುಹತ್ಯೆಗಳ ವಿರುದ್ಧ ಅಧ್ಯಕ್ಷ ವಿಲ್ಸನ್ ಅವರಿಗೆ ತಂತಿ ಕಳಿಸಿತು.

ಡು ಬಾಯ್ಸ್ ಪ್ರಶ್ನೆಗೆ ಉತ್ತರ ಬೀದಿಯಲ್ಲೇ ಸಿಕ್ಕಿತ್ತು. 1892ರಲ್ಲಿ ಮೆಂಫಿಸ್‌ನ ಪೀಪಲ್ಸ್ ಗ್ರೋಸರಿ ಎಂಬ ಸಹಕಾರಿ ದಿನಸಿ ಅಂಗಡಿ, ಎದುರಿನ ಬಿಳಿ ಅಂಗಡಿಯವನ ವ್ಯಾಪಾರ ಕಸಿಯಿತು. ಅದನ್ನು ನಡೆಸುತ್ತಿದ್ದ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದೊಯ್ದು ಕೊಂದಿತು. ಮಾಸ್ ಅವರ ಗೆಳತಿ, ಪತ್ರಕರ್ತೆ ಐಡಾ ಬಿ. ವೆಲ್ಸ್ ಗುಂಪುಹತ್ಯೆಗಳ ತನಿಖೆಗೆ ಇಳಿದದ್ದು ಇದರ ನಂತರವೇ. 1898ರಲ್ಲಿ ವಿಲ್ಮಿಂಗ್ಟನ್‌ನಲ್ಲಿ ಕಪ್ಪು ಸಂಪಾದಕ ಅಲೆಕ್ಸಾಂಡರ್ ಮ್ಯಾನ್ಲಿ ಅವರ ಪತ್ರಿಕಾಲಯವನ್ನು ಬಿಳಿಯರ ಗುಂಪು ಸುಟ್ಟಿತು, ಚುನಾಯಿತ ನಗರಾಡಳಿತವನ್ನೇ ಬಂದೂಕಿನ ಬಲದಿಂದ ಉರುಳಿಸಲಾಯಿತು. 1921ರ ಮೇ 31 ಮತ್ತು ಜೂನ್ 1ರಂದು ಟಲ್ಸಾದಲ್ಲಿ ಕಪ್ಪುಜನರ ಕೇರಿಯಾದ ಗ್ರೀನ್‌ವುಡ್‌ನ 35 ಬ್ಲಾಕ್‌ಗಳು ಬಿಳಿಯರ ಗುಂಪು ಹಚ್ಚಿದ ಬೆಂಕಿಗೆ ಬೂದಿಯಾದವು. ಸತ್ತವರು 100ರಿಂದ 300 ಎಂಬುದು ಇತಿಹಾಸಕಾರರ ಅಂದಾಜು. ವಿಮಾ ಕಂಪನಿಗಳು ಗಲಭೆಯ ಷರತ್ತು ತೋರಿಸಿ ಕೈ ಚೆಲ್ಲಿದವು. ಮನೆ ಮತ್ತೆ ಕಟ್ಟದಂತೆ ನಗರಸಭೆ ಹೊಸ ನಿಯಮ ತಂದಾಗ, ವಕೀಲ ಬಿ.ಸಿ. ಫ್ರಾಂಕ್ಲಿನ್ ಡೇರೆಯಲ್ಲೇ ಕಚೇರಿ ಹೂಡಿ ವಾದಿಸಿ ಗೆದ್ದರು. ನಾಲ್ಕು ವರ್ಷಕ್ಕೆ ಬಿಸಿನೆಸ್ ಲೀಗಿನ ಸಮಾವೇಶ ಅದೇ ಟಲ್ಸಾದಲ್ಲಿ ನಡೆಯಿತು.

ಬೆಂಕಿಗಿಂತ ನಿಧಾನವಾಗಿ ಸುಟ್ಟದ್ದು ಆರ್ಥಿಕ ಮಹಾಕುಸಿತ. ಷಿಕಾಗೋದ ಜೆಸ್ಸಿ ಬಿಂಗಾ ಅವರ ಬ್ಯಾಂಕ್ 1930ರಲ್ಲಿ ಬಿತ್ತು. ಅರ್ಥಶಾಸ್ತ್ರಜ್ಞ ಏಬ್ರಮ್ ಹ್ಯಾರಿಸ್ 1936ರ ತಮ್ಮ ಅಧ್ಯಯನದಲ್ಲಿ ರೋಗದ ಮೂಲ ತೋರಿಸಿದರು. ಕಪ್ಪುಜನರಿಗೆ ಕಾರ್ಖಾನೆಗಳಿಲ್ಲದ್ದರಿಂದ ಅವರ ಬ್ಯಾಂಕುಗಳ ಸಾಲವೆಲ್ಲ ಮನೆ, ಚರ್ಚು, ಸಂಘದ ಕಟ್ಟಡಗಳಲ್ಲಿ ಹೂತುಹೋಗಿತ್ತು. ಆಗ ಕಪ್ಪುಜನರ ಪ್ರಯತ್ನದ ದಿಕ್ಕು ಬದಲಾಯಿತು. ಕಪ್ಪುಜನರ ಕೇರಿಯಲ್ಲಿ ಮಾರಿ ಅವರಿಗೆ ಕೆಲಸ ಕೊಡದ ಅಂಗಡಿಗಳನ್ನು ಬಹಿಷ್ಕರಿಸುವ ಹೋರಾಟ ಷಿಕಾಗೋ, ಹಾರ್ಲೆಂಗಳಲ್ಲಿ ಹಬ್ಬಿತು. ಅಂಥ ಪಿಕೆಟಿಂಗ್ ನಡೆಸುವ ಹಕ್ಕನ್ನು 1938ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು.

ಈ ಪುಟ್ಟ ಉದ್ಯಮಗಳು ಯಾರನ್ನೂ ರಾಕ್‌ಫೆಲರ್ ಮಾಡಲಿಲ್ಲ. ಅವುಗಳ ನಿಜವಾದ ಬೆಲೆ ತಿಳಿದದ್ದು 1950ರ ದಶಕದಲ್ಲಿ. ಬಿಳಿಯರ ಸಂಬಳದಲ್ಲಿದ್ದ ಶಿಕ್ಷಕಿ ಮತದಾನದ ಮಾತೆತ್ತಿದರೆ ಕೆಲಸ ಹೋಗುತ್ತಿತ್ತು. ಕಪ್ಪು ಗಿರಾಕಿಗಳಿಂದಲೇ ಬದುಕುವ ಬ್ಯೂಟಿ ಪಾರ್ಲರಿನಾಕೆಯನ್ನು, ಶವಸಂಸ್ಕಾರ ನಡೆಸುವವನನ್ನು ಕೆಲಸದಿಂದ ಕಿತ್ತುಹಾಕುವವರೇ ಇರಲಿಲ್ಲ. 1957ರಲ್ಲಿ ಸೌತ್ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ, ಮತದಾನಕ್ಕೆ ಬೇಕಾದ ಅಕ್ಷರ ಕಲಿಸುವ ಶಾಲೆಯ ಮೊದಲ ಶಿಕ್ಷಕಿಯಾಗಿ ಬಂದವರು ಬ್ಯೂಟಿಷಿಯನ್ ಬರ್ನೀಸ್ ರಾಬಿನ್ಸನ್. ತರಗತಿ ನಡೆದದ್ದು ಸಹಕಾರಿ ಅಂಗಡಿಯೊಂದರ ಹಿಂಗೋಣೆಯಲ್ಲಿ. ಬಸ್ಸಿನಲ್ಲಿನ ಬಣ್ಣಭೇದದ ವಿರುದ್ಧ ನಡೆದ ಮಾಂಟ್ಗೊಮೆರಿ ಬಸ್ ಬಹಿಷ್ಕಾರದ ಕಾಲದಲ್ಲಿ, ಜನರನ್ನು ಕರೆದೊಯ್ಯುತ್ತಿದ್ದ ಹೋರಾಟಗಾರರ ಕಾರುಗಳ ವಿಮೆ ರದ್ದಾದಾಗ, ಅಟ್ಲಾಂಟಾದ ಕಪ್ಪು ವಿಮಾ ದಲ್ಲಾಳಿ ಟಿ.ಎಂ. ಅಲೆಕ್ಸಾಂಡರ್ ಲಂಡನ್ನಿನ ಲಾಯ್ಡ್ಸ್ ಮೂಲಕ ದಾರಿ ಹುಡುಕಿಕೊಟ್ಟರು. ಶವಸಂಸ್ಕಾರದ ವಿಮೆಯಿಂದ ಶ್ರೀಮಂತರಾದ ಎ.ಜಿ. ಗ್ಯಾಸ್ಟನ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಟ್ಟಿದ ಮೋಟೆಲ್, 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟದ ಕಚೇರಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿ ಬಾಂಬ್ ಸಿಡಿಯಿತು.

ಗೆದ್ದ ಹೋರಾಟಕ್ಕೂ ಒಂದು ಖರ್ಚಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಕಪ್ಪು ಗಿರಾಕಿ ಯಾವ ಹೋಟೆಲಿಗೂ ಹೋಗಬಹುದಾಗಿತ್ತು, ಹೋದ. ಬಿಳಿ ಗಿರಾಕಿ ಮಾತ್ರ ಈಚೆ ಬರಲಿಲ್ಲ. ಕಪ್ಪು ವ್ಯಾಪಾರವನ್ನು ಬರಿಯ ಭ್ರಮೆಯೆಂದು ಜರೆದಿದ್ದ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ಅವರ ಮಾತು ನಿಜವಾದಂತೆ ಕಂಡಿತು. ಆದರೆ ಗಿರಾಕಿ ಮಾತ್ರವೇ ಕೈಕೊಟ್ಟನೆಂದರೆ ಲೆಕ್ಕ ಅರ್ಧವಾದೀತು. ಕಪ್ಪುಜನರ ಕೇರಿಗಳಾದ ಡರ್ಹಮ್‌ನ ಹೇಟೈ, ಮಯಾಮಿಯ ಓವರ್‌ಟೌನ್, ರಿಚ್ಮಂಡ್‌ನ ಜಾಕ್ಸನ್ ವಾರ್ಡ್, ಕಡೆಗೆ ಗ್ರೀನ್‌ವುಡ್ ಕೂಡ ಹೆದ್ದಾರಿಗಳ ಅಡಿಗೆ ಬಿದ್ದವು. ಅಂಗಡಿ, ಮನೆ, ಗಿರಾಕಿ ಮೂರನ್ನೂ ಸರ್ಕಾರವೇ ಎತ್ತಿಸಿತು.

ಮ್ಯಾಗಿ ವಾಕರ್ ಬ್ಯಾಂಕಿನ ವಾರಸುದಾರ ಸಂಸ್ಥೆ 2005ರಲ್ಲಿ ಬೇರೆ ಕಂಪನಿಯ ಪಾಲಾಯಿತು. ಡರ್ಹಮ್‌ನ ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್, 1904ರಲ್ಲಿ ನ್ಯಾಶ್‌ವಿಲ್‌ನಲ್ಲಿ ಶುರುವಾದ ಸಿಟಿಜನ್ಸ್ ಸೇವಿಂಗ್ಸ್ ಇಂದಿಗೂ ವ್ಯವಹಾರ ನಡೆಸುತ್ತಿವೆ. ಒಂದು ಕಾಲದಲ್ಲಿ ಬೇರೆಲ್ಲೂ ಹೋಗಲಾಗದೆ ತಮ್ಮಲ್ಲಿಗೆ ಬರುತ್ತಿದ್ದ ಗಿರಾಕಿಗಾಗಿ ಈಗ ಅವು ದೇಶದ ದೊಡ್ಡ ಬ್ಯಾಂಕುಗಳ ಜೊತೆ ಪೈಪೋಟಿಗೆ ಇಳಿಯಬೇಕು.