ತಂತಿ ಕಚೇರಿಯ ಮೈಲುತುತ್ತ

1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಟೆಲಿಗ್ರಾಫ್ ತಂತಿ ಎಳೆದಾಗ ಭಾರತದಲ್ಲಿ ವಿದ್ಯುತ್ ಸ್ಥಾವರ ಎಂಬುದೇ ಇರಲಿಲ್ಲ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಅಷ್ಟು ಮೊದಲೇ ಊರಿಂದೂರಿಗೆ ಸುದ್ದಿ ಒಯ್ದ ವಿದ್ಯುತ್ತು ಹುಟ್ಟುತ್ತಿದ್ದುದು ಲೋಹದ ತುಂಡು, ಆಮ್ಲ, ಲವಣಗಳನ್ನು ತುಂಬಿದ ಪಾತ್ರೆಗಳಲ್ಲಿ.

ಇಂಥ ವಿದ್ಯುತ್ಕೋಶಕ್ಕೆ ನಾಂದಿ ಹಾಡಿದವನು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟರೆ ವಿದ್ಯುತ್ತು ಹರಿಯುತ್ತದೆಂದು 1800ರ ಮಾರ್ಚ್‌ನಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಎರಡು ಲೋಹಗಳು ಒಂದನ್ನೊಂದು ಮುಟ್ಟುವುದೇ ಇದಕ್ಕೆ ಕಾರಣವೆಂದು ಅವನು ನಂಬಿದ್ದ. ಆ ನಂಬಿಕೆ ನಿಲ್ಲಲಿಲ್ಲ. ವಿದ್ಯುತ್ತಿನ ಮೂಲ ರಾಸಾಯನಿಕ ಕ್ರಿಯೆಯೆಂದು ವಾದಿಸಿದ ಮೈಕೆಲ್ ಫ್ಯಾರಡೆ, 1834ರಲ್ಲಿ ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್ ಎಂಬ ಹೆಸರುಗಳನ್ನು ಬಳಕೆಗೆ ತಂದ.

ವೋಲ್ಟಾನ ಕೋಶಕ್ಕೆ ಒಂದು ರೋಗವಿತ್ತು: ಶುರುವಿನಲ್ಲಿ ಜೋರು, ಬರಬರುತ್ತ ನಿತ್ರಾಣ. ಸತುವಿನ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನಾಗಿ ದ್ರಾವಣಕ್ಕೆ ಇಳಿಯುತ್ತದೆ. ಆ ಎಲೆಕ್ಟ್ರಾನುಗಳು ತಂತಿಯ ಮೂಲಕ ಇನ್ನೊಂದು ಲೋಹ ಸೇರುತ್ತವೆ. ಅಲ್ಲಿ ಹೈಡ್ರೋಜನ್ ಅಯಾನುಗಳು ಅವನ್ನು ಪಡೆದು ಅನಿಲವಾಗುತ್ತವೆ. ಆ ಅನಿಲದ ಗುಳ್ಳೆಗಳು ಲೋಹದ ಮೈಗೆ ಅಂಟಿಕೊಂಡು ಕ್ರಿಯೆಗೇ ಅಡ್ಡಿಯಾಗುತ್ತವೆ. ಪ್ರಯೋಗಶಾಲೆಯಲ್ಲಿ ಇದನ್ನು ಹೇಗೋ ಸಹಿಸಬಹುದು. ದಿನವಿಡೀ ಸಂದೇಶ ಕಳಿಸಬೇಕಾದ ಕಡೆ ನಡೆಯದು.

1836ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜಾನ್ ಫ್ರೆಡರಿಕ್ ಡ್ಯಾನಿಯಲ್ ಗುಳ್ಳೆಯೇ ಏಳದ ಕೋಶ ಕಟ್ಟಿದ. ತಾಮ್ರದ ಸುತ್ತ ಅವನು ತುಂಬಿದ್ದು ನಮ್ಮ ಅಡಿಕೆ ತೋಟದವರಿಗೆ ಚಿರಪರಿಚಿತವಾದ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣ. ಈಗ ಎಲೆಕ್ಟ್ರಾನು ಪಡೆಯುವುದು ಹೈಡ್ರೋಜನ್ ಅಲ್ಲ, ತಾಮ್ರದ ಅಯಾನು. ಅದು ಲೋಹವಾಗಿ ತಾಮ್ರದ ಮೇಲೆಯೇ ಕೂರುತ್ತದೆ. ತಾಮ್ರದ ಸುತ್ತಲಿನ ದ್ರಾವಣವೂ ಸತುವಿನ ಸುತ್ತಲಿನದೂ ಬೆರೆಯಬಾರದು, ಆದರೆ ಅಯಾನುಗಳು ದಾಟಬೇಕು. ಅದಕ್ಕೆ ಡ್ಯಾನಿಯಲ್ ಮೊದಲು ಬಳಸಿದ್ದು ಎತ್ತಿನ ಅನ್ನನಾಳದ ಪೊರೆ! ಆಮೇಲೆ ಸಣ್ಣ ರಂಧ್ರಗಳುಳ್ಳ ಮಣ್ಣಿನ ಕುಡಿಕೆ ಬಂತು. ಮರುವರ್ಷ ಅವನಿಗೆ ರಾಯಲ್ ಸೊಸೈಟಿಯ ಕೋಪ್ಲಿ ಪದಕ ದೊರೆಯಿತು.

ಈ ಕೋಶದ ವೋಲ್ಟೇಜು ಸುಮಾರು 1.1. ಪಾತ್ರೆ ಅಂಗೈಯಗಲದ್ದಿರಲಿ, ಹಂಡೆಯಷ್ಟಿರಲಿ, ಅಂಕಿ ಬದಲಾಗದು. ಏಕೆಂದರೆ ವೋಲ್ಟೇಜನ್ನು ನಿರ್ಧರಿಸುವುದು ಎರಡು ಎಲೆಕ್ಟ್ರೋಡುಗಳಲ್ಲಿ ನಡೆಯುವ ಕ್ರಿಯೆಗಳ ಜೋಡಿ. ಒಂಟಿ ಎಲೆಕ್ಟ್ರೋಡಿನ ವಿಭವವನ್ನು ಅಳೆಯಲಾಗದು. ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆಯೆಂದು ಇಟ್ಟುಕೊಂಡರೆ ತಾಮ್ರದ್ದು +0.34 ವೋಲ್ಟ್, ಸತುವಿನದು –0.76. ಅವುಗಳ ಅಂತರವೇ 1.10.

ದ್ರಾವಣದ ಸಾಂದ್ರತೆಯೂ ಕೊಂಚ ಕೈಯಾಡಿಸುತ್ತದೆ. ಎಷ್ಟು ಎಂಬುದನ್ನು ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1889ರಲ್ಲಿ ಸಮೀಕರಣವಾಗಿ ಕೊಟ್ಟ. ಡ್ಯಾನಿಯಲ್ ಕೋಶದಲ್ಲಿ ಎರಡು ಅಯಾನುಗಳ ಸಾಂದ್ರತೆಯ ಅನುಪಾತ ಹತ್ತು ಪಟ್ಟು ಬದಲಾದರೂ ವೋಲ್ಟೇಜು ಕದಲುವುದು 0.03ರಷ್ಟು ಮಾತ್ರ. ತಂತಿ ಕಚೇರಿಗಳಿಗೆ ಬೇಕಿದ್ದುದು ಈ ಸ್ಥಿರತೆಯೇ. ದ್ರಾವಣದ ನೀಲಿ ಮಾಸಿದಾಗ ಇನ್ನಷ್ಟು ಮೈಲುತುತ್ತದ ಹರಳು ಹಾಕಿ, ಸವೆದ ಸತುವನ್ನು ಬದಲಿಸಿದರೆ ಕೋಶ ಮತ್ತೆ ದುಡಿಯುತ್ತಿತ್ತು. ದೂರದ ಊರಿಗೆ ಹೆಚ್ಚು ಒತ್ತಡ ಬೇಕಾದರೆ ದೊಡ್ಡ ಪಾತ್ರೆಯಲ್ಲ, ಸಾಲಾಗಿ ಜೋಡಿಸಿದ ಹೆಚ್ಚು ಕೋಶಗಳೇ ಬೇಕು: ಹತ್ತಕ್ಕೆ 11 ವೋಲ್ಟ್, ನೂರಕ್ಕೆ 110. ಅಳತೆಗಾರರೂ ಈ ಕೋಶವನ್ನು ನೆಚ್ಚಿದರು. 1881ರ ಪ್ಯಾರಿಸ್ ಸಮ್ಮೇಳನ ಅಂಗೀಕರಿಸಿದ ವೋಲ್ಟ್ ಮಾನದ ಪ್ರಮಾಣವನ್ನು ಡ್ಯಾನಿಯಲ್ ಕೋಶದ ಒತ್ತಡಕ್ಕೆ ಹತ್ತಿರವಿರುವಂತೆಯೇ ಆರಿಸಲಾಗಿತ್ತು.

ಇಷ್ಟಾದರೂ ದ್ರಾವಣ ತುಂಬಿದ ಕೋಶವನ್ನು ಜೇಬಿಗಿಳಿಸುವಂತಿರಲಿಲ್ಲ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತು, ಮ್ಯಾಂಗನೀಸ್ ಡೈಆಕ್ಸೈಡ್ ಹಾಗೂ ಕಲಾಯಿಯವರ ನವಸಾಗರ ಸೇರಿಸಿ ಬೇರೊಂದು ಕೋಶ ಮಾಡಿದ. ಎರಡು ದಶಕದ ನಂತರ ಜರ್ಮನಿಯ ಕಾರ್ಲ್ ಗಾಸ್ನರ್ ಅದರ ದ್ರಾವಣವನ್ನು ಚೆಲ್ಲದ ಕಣಕವಾಗಿಸಿ ಸತುವಿನ ಡಬ್ಬಿಯಲ್ಲಿ ತುಂಬಿದ. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ಲು ಇದರದೇ ವಂಶ. ಗೋಡೆ ಗಡಿಯಾರದ ಸಣ್ಣ ಸೆಲ್ಲಾಗಲಿ ಹಳೆಯ ಟಾರ್ಚಿನ ದಪ್ಪ ಸೆಲ್ಲಾಗಲಿ, ಒಳಗಿನ ಕ್ರಿಯೆ ಒಂದೇ ಆದ್ದರಿಂದ ಕೊಡುವುದು 1.5 ವೋಲ್ಟನ್ನೇ, ದಪ್ಪ ಸೆಲ್ಲು ಹೆಚ್ಚು ಕಾಲ ಬಾಳುತ್ತದೆ, ಅಷ್ಟೇ.